ಕಾಯುವುದಕ್ಕೆ ಬೇಕಾದ ಸಾಮಾನು

ಮಳೆಗಾಲಕ್ಕೆ ಮುಂಚೆ ಚಿಕ್ಕಮಗಳೂರಿನಲ್ಲಿ ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳಿವು. ಹೋಮ್‌ಸ್ಟೇ ನಡೆಸುವವರು, ಬಾಡಿಗೆ ಗಾಡಿ ಓಡಿಸುವವರು, ಕೆಲವು ಮೇಷ್ಟ್ರುಗಳು ಬಂದಿದ್ದರು. ಓದಲು ಸುಲಭವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕರೆದವರು ನನಗೆ ಹೇಳಿದ್ದು ಇಷ್ಟೇ: "ಗಾಡಿಯಲ್ಲಿ ಏನೇನು ಇಟ್ಟುಕೊಳ್ಳಬೇಕು, ಒಂದು ಪಟ್ಟಿ ಕೊಟ್ಟುಬಿಡಿ." ಪಟ್ಟಿ ಮೊಬೈಲ್‌ನಲ್ಲೇ ಬೇಕಾದಷ್ಟು ಸಿಗುತ್ತದೆ. ಅದರಲ್ಲಿ ಅರ್ಧ ಹಿಮ ಬೀಳುವ ದೇಶದವರಿಗೆ ಬರೆದದ್ದು. ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವ ಪಟ್ಟಿ, ಟೈರಿಗೆ ಸುತ್ತುವ ಸರಪಳಿ. ಅದನ್ನೆಲ್ಲ ಕೊಂಡು ಚಾರ್ಮಾಡಿ ಘಾಟಿಯಲ್ಲಿ ಏನು ಮಾಡೋಣ? ನಮ್ಮ ದಾರಿ ಬೇರೆ, ನಮ್ಮ ಮಳೆ ಬೇರೆ, ನಮ್ಮಲ್ಲಿ ರಸ್ತೆಗೆ ಅಡ್ಡ ಬರುವ ಪ್ರಾಣಿಯೂ ಬೇರೆ.

ನಾನು ಗ್ಯಾರೇಜಿನವನು. ಕೆಟ್ಟು ನಿಂತ ಗಾಡಿಯನ್ನು ಎಳೆದು ತರುವುದೂ ನನ್ನ ಕೆಲಸ. ಜನ ಎಲ್ಲಿ ಸಿಕ್ಕಿಬೀಳುತ್ತಾರೆ, ಆಗ ಅವರ ಕೈಯಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂದು ನೋಡುತ್ತಲೇ ಇರುತ್ತೇನೆ. ನೋಡಿ ನೋಡಿ ಒಂದು ವಿಷಯ ನನಗೆ ಖಾತ್ರಿಯಾಗಿದೆ. ಗಾಡಿ ಕೆಟ್ಟು ಆಗುವ ಅನಾಹುತ ಕಡಿಮೆ. ಕಾಯಲಾಗದೆ ಮಾಡಿದ ಕೆಲಸದಿಂದ ಆಗುವುದೇ ಜಾಸ್ತಿ.

ಯೋಚಿಸಿ ನೋಡಿ. ರಸ್ತೆಗೆ ಮರ ಬಿದ್ದಿದೆ. ಕೊಂಬೆಯ ಕೆಳಗೆ ಬೈಕ್ ತೂರಿಸುತ್ತಾರೆ, ಜೊತೆಗೆ ಕರೆಂಟ್ ತಂತಿ ಬಿದ್ದಿದೆಯೋ ಇಲ್ಲವೋ ನೋಡುವುದಿಲ್ಲ. ಸೇತುವೆ ಮೇಲೆ ನೀರು ಹರಿಯುತ್ತಿದೆ. "ಮುಂದಿನವನು ಹೋದನಲ್ಲ" ಎಂದು ಇವರೂ ಇಳಿಸುತ್ತಾರೆ. ಮಂಜಿನಲ್ಲಿ ಸಾಲು ನಿಂತಿದೆ. ಬಲಗಡೆಯಿಂದ ನುಗ್ಗಿ ಎದುರಿನ ಬಸ್ಸಿಗೆ ಮುಖ ಕೊಡುತ್ತಾರೆ. ಇವರೆಲ್ಲ ದಡ್ಡರೇನಲ್ಲ. ಮಗು ಹಸಿದು ಅಳುತ್ತಿರುತ್ತದೆ. ಅಜ್ಜಿಯ ಬಿಪಿ ಮಾತ್ರೆ ಮನೆಯಲ್ಲಿರುತ್ತದೆ. ಬಟ್ಟೆ ಒದ್ದೆಯಾಗಿ ನಡುಗುತ್ತಿರುತ್ತಾರೆ. ಫೋನ್ 4 ಪರ್ಸೆಂಟ್. ಅಂಥ ಹೊತ್ತಿನಲ್ಲಿ ಯಾರಿಗೆ ಕಾಯಲು ಮನಸ್ಸು ಬರುತ್ತದೆ?

ಅದಕ್ಕೇ ನಾನು ಹೇಳುವುದು: ಕಿಟ್‌ಗೆ ಮೊದಲು ಹಾಕಬೇಕಾದದ್ದು ಕಾಯುವುದಕ್ಕೆ ಬೇಕಾದ ಸಾಮಾನು. ಸ್ಪ್ಯಾನರ್, ಹಗ್ಗ, ಜ್ಯಾಕ್ ಎಲ್ಲ ಆಮೇಲೆ.

ಎಷ್ಟು ಹೊತ್ತು ಕಾಯಬೇಕಾಗಬಹುದು? ನಮ್ಮ ದಾರಿಗಳನ್ನೇ ಕೇಳಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ಕೊಟ್ಟಿಗೆಹಾರದಿಂದ ಕೆಳಗಿನ ದಾರಿ ಬಂದ್ ಆಯಿತು. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲೆಯಲ್ಲಿ ಮಣ್ಣು ಜಾರಿ ಶಿರಾಡಿ ಘಾಟಿಯ ಓಡಾಟ ನಿಂತಿತು. ಕಳಸದಿಂದ ಹೊರನಾಡಿಗೆ ಹೋಗುವವರಿಗೆ ಹೆಬ್ಬಾಳೆ ಸೇತುವೆ ಗೊತ್ತೇ ಇದೆ. ಭದ್ರೆ ತುಂಬಿದರೆ ಮುಳುಗುತ್ತದೆ, ಇಳಿದ ಮೇಲೆ ದಾರಿ. ಇಷ್ಟು ದೊಡ್ಡದಲ್ಲದಿದ್ದರೂ, ತಿರುವಿನಲ್ಲಿ ಒಂದು ಲಾರಿಯ ಆಕ್ಸಲ್ ಮುರಿದರೆ ಸಾಕು, ಎರಡೂ ಕಡೆ ಗಾಡಿಗಳ ಸಾಲು ಬೆಳೆಯುತ್ತದೆ. ಆರು ಗಂಟೆ ಗಾಡಿಯಲ್ಲೇ ಕೂರಬೇಕಾಗುತ್ತದೆ ಎಂದು ಲೆಕ್ಕ ಹಾಕಿ ಸಾಮಾನು ಇಡಿ. ಬೇಗ ಬಿಟ್ಟರೆ ಒಳ್ಳೆಯದೇ ಆಯಿತು.

ನೀರು ತಲೆಗೆ ಒಂದು ಲೀಟರ್. "ಸುತ್ತ ಇಷ್ಟು ಮಳೆ ಸುರಿಯುವಾಗ ನೀರು ಯಾಕೆ ಹೊರಬೇಕು" ಎಂದು ಕೇಳುತ್ತಾರೆ. ಘಾಟಿಯ ಝರಿ ನೋಡಲು ಚೆಂದ, ಆದರೆ ಮೇಲೆ ಏನು ಬಿದ್ದು ಕೊಳೆತಿದೆಯೋ ನಮಗೆ ಕಾಣುವುದಿಲ್ಲ. ತಿನ್ನುವುದಕ್ಕೆ ಕಡಲೆಬೀಜದ ಚಿಕ್ಕಿ, ಹುರಿಗಡಲೆ, ಖರ್ಜೂರ. ಬಿಸ್ಕತ್ತು ಬೇಡ ಎನ್ನುವುದಿಲ್ಲ, ಆದರೆ ಒಂದು ಗಂಟೆಗೆ ಮತ್ತೆ ಹಸಿವು. ಸಕ್ಕರೆ ಕಾಯಿಲೆ ಇರುವವರಿದ್ದರೆ ಗ್ಲೂಕೋಸ್ ಅಥವಾ ಸಕ್ಕರೆ ಪೊಟ್ಟಣ ಕೈಗೆ ಸಿಗುವಂತಿರಲಿ. ಓಆರ್‌ಎಸ್ ಒಂದೆರಡು ಇರಲಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. ಒಂದು ಲೋಟಕ್ಕೆ ಪೂರ್ತಿ ಸುರಿದು ಮಗುವಿಗೆ ಕುಡಿಸಿದರೆ ಉಪ್ಪು ಜಾಸ್ತಿಯಾಗಿ ತೊಂದರೆಯೇ ಆಗುತ್ತದೆ.

ಇನ್ನು ಬೆಚ್ಚಗೆ ಇರುವುದು. ಇದನ್ನು ನಮ್ಮೂರಲ್ಲಿ ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಚಳಿ ಹೆಚ್ಚುತ್ತದೆ. ಅದರ ಮೇಲೆ ಗಾಳಿ, ಒದ್ದೆ ಬಟ್ಟೆ. ಪೇಟೆಯಲ್ಲಿ ಟೀ ಶರ್ಟ್ ಸಾಕು ಎನಿಸಿದವರು ಮೇಲೆ ಹಲ್ಲು ಕಡಿಯುತ್ತಾರೆ. ಹತ್ತಿ ಬಟ್ಟೆ ಒದ್ದೆಯಾದರೆ ಮೈಯ ಕಾವನ್ನೇ ಎಳೆದುಕೊಳ್ಳುತ್ತದೆ. ಉಣ್ಣೆ ಹಾಗಲ್ಲ, ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಕಂಬಳಿ ಕೊಪ್ಪೆ ಹಾಕಿ ಗದ್ದೆಗೆ ಇಳಿಯುತ್ತಿದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಗಾಡಿಯಲ್ಲಿ ಒಂದು ಹಳೆ ಕಂಬಳಿ, ಮನೆಯವರಿಗೆಲ್ಲ ಒಂದೊಂದು ಜೊತೆ ಒಣ ಬಟ್ಟೆ ಮತ್ತು ಸಾಕ್ಸ್ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹೊಳೆಯುವ ಅಲ್ಯೂಮಿನಿಯಂ ಹಾಳೆಯಂಥ ಎಮರ್ಜೆನ್ಸಿ ಬ್ಲಾಂಕೆಟ್ ಈಗ ಸಿಗುತ್ತದೆ, ಜೇಬಿನಲ್ಲಿ ಹಿಡಿಸುತ್ತದೆ. ಬೈಕಿನವರಿಗೆ ಅದು ಒಳ್ಳೆಯದು. ಕಾರಿನವರು ಕಂಬಳಿಯನ್ನೇ ಇಡಿ. ಟೈರ್ ಬದಲಿಸುವಾಗ ಕೆಳಗೆ ಹಾಸಿಕೊಳ್ಳಬಹುದು, ಪೆಟ್ಟಾದವರನ್ನು ಅದರ ಮೇಲೆ ಮಲಗಿಸಬಹುದು.

ಕಾಯುವುದು ಎಂದರೆ ಎಲ್ಲಿ ಬೇಕಾದರೂ ನಿಲ್ಲಿಸುವುದಲ್ಲ. ಗುಡ್ಡ ಕಡಿದು ರಸ್ತೆ ಮಾಡಿದ ಜಾಗದ ಬುಡದಲ್ಲಿ ನಿಲ್ಲಬೇಡಿ. ಸಣ್ಣ ಕಲ್ಲು ಉದುರುತ್ತಿದ್ದರೆ, ಮರ ವಾಲಿದ್ದರೆ, ಝರಿಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ಒಮ್ಮೆಲೇ ನಿಂತುಹೋದರೆ, ಮೇಲೆ ಮಣ್ಣು ಹೊರಡುತ್ತಿದೆ ಎಂದೇ ತಿಳಿಯಿರಿ. ಗಾಡಿ ಬಿಟ್ಟಾದರೂ ಅಲ್ಲಿಂದ ಸರಿಯಿರಿ. ನಿಂತ ಗಾಡಿಯಲ್ಲಿ ಎಂಜಿನ್ ಓಡಿಸಿ, ಗಾಜು ಏರಿಸಿ, ಎಸಿ ಹಾಕಿ ನಿದ್ದೆ ಮಾಡಬೇಡಿ. ಸೈಲೆನ್ಸರ್ ಬಾಯಿಗೆ ಕೆಸರು ಮೆತ್ತಿದರೆ ಹೊಗೆ ಒಳಗೆ ಸೇರುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ.

ಬಿದ್ದ ಮರದ ಜೊತೆ ಕರೆಂಟ್ ತಂತಿ ಇದ್ದರೆ ಹತ್ತು ಮೀಟರ್ ದೂರದಲ್ಲೇ ಇರಿ. 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಮಾಡಿದ್ದು ಖಚಿತವಾಗುವ ತನಕ ಕತ್ತಿ ಎತ್ತಬೇಡಿ. ತಂತಿ ಗಾಡಿಯ ಮೇಲೇ ಬಿದ್ದಿದ್ದರೆ ಒಳಗೇ ಕೂತಿರಿ.

ಈಗ ನೀರಿನ ವಿಷಯ. ಹರಿಯುವ ನೀರು ಮೊಣಕಾಲಿಗೂ ಬರದಿದ್ದರೆ ದಾಟಬಹುದು ಎಂಬ ನಂಬಿಕೆ ನಮ್ಮಲ್ಲಿದೆ. ತಪ್ಪು. ಜೋರಾಗಿ ಹರಿಯುವ ಅರ್ಧ ಅಡಿ ನೀರು ನಿಂತ ಮನುಷ್ಯನನ್ನು ಬೀಳಿಸುತ್ತದೆ. ಒಂದು ಅಡಿ ಬಂದರೆ ಸಣ್ಣ ಕಾರು ತೇಲಲು ಶುರು. ಎರಡು ಅಡಿಗೆ ಜೀಪೂ ನಿಲ್ಲುವುದಿಲ್ಲ. ಅದರ ಮೇಲೆ ಕೆಂಪು ನೀರಿನ ಕೆಳಗೆ ರಸ್ತೆ ಇದೆಯೋ, ಕೊಚ್ಚಿಹೋಗಿದೆಯೋ ಯಾರಿಗೆ ಗೊತ್ತು? ಸೇತುವೆ ಮುಳುಗಿದ್ದರೆ ಚಿಕ್ಕಿ ತಿನ್ನುತ್ತಾ ಕೂರಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಇನ್ನು ಜೇಬು ಮತ್ತು ಕೈಚೀಲ. ಇಲ್ಲಿ ಎಲ್ಲರಿಗೂ ಗಾಡಿ ಇಲ್ಲ. ಕೊನೆ ಬಸ್ಸಿಗೆ ಇಳಿದು ಕತ್ತಲಲ್ಲಿ ತೋಟದ ದಾರಿ ನಡೆಯುವವರು ಎಷ್ಟು ಜನ! ಕಾಲೇಜಿನ ಹುಡುಗಿಯರು, ತೋಟದ ಕೆಲಸದವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿದವರು. ಗಾಡಿ ಇದ್ದವರೂ ಒಂದು ಹೊತ್ತಿಗೆ ಗಾಡಿ ಬಿಟ್ಟು ನಡೆಯಬೇಕಾದೀತು. ಡಿಕ್ಕಿಯಲ್ಲಿ ಇಟ್ಟದ್ದು ಆಗ ಕೈಗೆ ಬರುವುದಿಲ್ಲ. ಆದ್ದರಿಂದ ಮೈಮೇಲಿನ ಸಾಮಾನೇ ಬೇರೆ, ಅದು ಯಾವಾಗಲೂ ಜೊತೆಗಿರಬೇಕು.

ಮೊದಲು ಟಾರ್ಚ್. "ಮೊಬೈಲ್‌ನಲ್ಲಿ ಇದೆಯಲ್ಲ" ಎನ್ನುತ್ತಾರೆ. ಆ ಬೆಳಕು ಕಾಲಬುಡಕ್ಕೆ ಸಾಕು. ಐವತ್ತು ಮೀಟರ್ ಮುಂದೆ ಬಿದಿರ ಮೆಳೆಯ ಪಕ್ಕ ಏನು ನಿಂತಿದೆ ಎಂದು ಅದು ತೋರಿಸುವುದಿಲ್ಲ. ಮೊಬೈಲಿನ ಚಾರ್ಜು ಮಾತಾಡುವುದಕ್ಕೆ ಬೇಕು, ಬೆಳಕಿಗೆ ಸುಡಬೇಡಿ. ಕೈಬೆರಳಿನಷ್ಟು ಉದ್ದದ, ದೂರಕ್ಕೆ ಬೀಳುವ ಟಾರ್ಚ್ ಸಾಕು. ಗಾಡಿಯಲ್ಲಿ ಮಾತ್ರ ತಲೆಗೆ ಕಟ್ಟುವ ಟಾರ್ಚ್ ಇಡಿ. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ವೀಲ್ ನಟ್ ಬಿಚ್ಚುವವರನ್ನು ನೋಡಿದಾಗೆಲ್ಲ ನನಗೆ ಅಯ್ಯೋ ಎನಿಸುತ್ತದೆ.

ಆಮೇಲೆ ಸೀಟಿ. ಹಗುರ, ಚಾರ್ಜು ಬೇಡ. ಕಣಿವೆಯಲ್ಲಿ ಮನುಷ್ಯನ ಕೂಗಿಗಿಂತ ಸೀಟಿ ದೂರ ಕೇಳುತ್ತದೆ, ಗಂಟಲೂ ಬತ್ತುವುದಿಲ್ಲ. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ. ನಗದು ದುಡ್ಡು, ನೂರರ ನೋಟುಗಳಲ್ಲಿ. ಕರೆಂಟ್ ಹೋಗಿ ಟವರ್ ಮಲಗಿದ ದಿನ ಯಾವ ಸ್ಕ್ಯಾನರೂ ಕೆಲಸ ಮಾಡುವುದಿಲ್ಲ, ಆದರೆ ಆಟೋದವನು ಬರುತ್ತಾನೆ. ಒಂದು ಚೀಟಿಯಲ್ಲಿ ನಾಲ್ಕು ಫೋನ್ ನಂಬರ್, ರಕ್ತದ ಗುಂಪು, ತೆಗೆದುಕೊಳ್ಳುವ ಮಾತ್ರೆಗಳ ಹೆಸರು. ಹೆಂಡತಿಯ ನಂಬರ್ ಬಾಯಿಪಾಠ ಇರುವ ಗಂಡಸರು ಕೈ ಎತ್ತಿ ಎಂದೆ. ಎದ್ದ ಕೈಗಳು ಬಹಳ ಕಡಿಮೆ. ದಿನದ ಮಾತ್ರೆ ಇರುವವರು ಎರಡು ದಿನಕ್ಕಾಗುವಷ್ಟು ಚೀಲದಲ್ಲೇ ಇಟ್ಟುಕೊಳ್ಳಿ. ಉಬ್ಬಸದವರು ಇನ್‌ಹೇಲರ್ ಮರೆಯಬೇಡಿ.

ಮಳೆಗಾಲದಲ್ಲಿ ಇಂಬಳಕ್ಕೆ, ಅಂದರೆ ಜಿಗಣೆಗೆ, ಒಂದು ಪೊಟ್ಟಣ ಉಪ್ಪು ಇರಲಿ. ಬೇಸಿಗೆಯಲ್ಲಿ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯ ಕಾಡಂಚಿನಲ್ಲಿ ಓಡಾಡುವವರು ಉಣ್ಣಿ ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೀಪಾ ಎಣ್ಣೆಯನ್ನು ಕಾಲಿಗೆ ಹಚ್ಚಿಕೊಳ್ಳಿ. ಮಂಗನ ಕಾಯಿಲೆ ಉಣ್ಣಿಯಿಂದ ಬರುವುದು.

ಫೋನ್ ವಿಷಯಕ್ಕೆ ಎರಡು ಮಾತು. ಸಿಗ್ನಲ್ ಇಲ್ಲದ ಕಡೆ ಫೋನ್ ಟವರ್ ಹುಡುಕುತ್ತಾ ಬ್ಯಾಟರಿ ತಿನ್ನುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿ, ಅರ್ಧ ಗಂಟೆಗೊಮ್ಮೆ ತೆಗೆದು ನೋಡಿ. ಮಾತು ಹೋಗದ ಕಡೆ ಎಷ್ಟೋ ಸಲ ಮೆಸೇಜ್ ಹೋಗುತ್ತದೆ, ಹಳೆಯ ಎಸ್‌ಎಂಎಸ್ಸನ್ನೇ ಕಳಿಸಿ. ತುರ್ತಿಗೆ 112. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಮೂಲಕ ಈ ಕರೆ ಹೋಗುವ ಸಾಧ್ಯತೆ ಇರುತ್ತದೆ, ಪ್ರಯತ್ನ ಬಿಡಬೇಡಿ. ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಆನೆ ಮತ್ತಿತರ ಕಾಡುಪ್ರಾಣಿ ವಿಷಯಕ್ಕೆ ಅರಣ್ಯ ಇಲಾಖೆಯ 1926. ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ. ಸಿಗ್ನಲ್ ಇಲ್ಲದಿದ್ದರೂ ನೀವಿರುವ ಜಾಗವನ್ನು ಅದು ತೋರಿಸುತ್ತದೆ. ಆದರೆ ಮ್ಯಾಪ್ ಹೇಳಿತು ಎಂದು ರಾತ್ರಿ ಹೊತ್ತು ತೋಟದ ಮಣ್ಣುದಾರಿಗೆ ತಿರುಗಿಸಬೇಡಿ. ಹೋಮ್‌ಸ್ಟೇಯವರೇ, ದಯವಿಟ್ಟು ನಿಮ್ಮ ಅತಿಥಿಗಳಿಗೆ ಯಾವ ಅಡ್ಡದಾರಿ ಹಿಡಿಯಬಾರದು ಎಂದು ಮೊದಲೇ ಹೇಳಿ. ಅಂಥ ದಾರಿಯಿಂದ ಕಾರು ಎಳೆದು ತರುವುದು ನನಗೂ ಸಾಕಾಗಿದೆ.

ಈಗ ಗಾಡಿ. ನನ್ನ ಕಸುಬಾದ್ದರಿಂದ ಇಲ್ಲಿ ಸ್ವಲ್ಪ ಉದ್ದ ಮಾತಾಡುತ್ತೇನೆ.

ಕಾರಿನ ಜೊತೆ ಒಂದು ಕೆಂಪು ತ್ರಿಕೋನ ಕೊಡುತ್ತಾರೆ. ನನ್ನ ಹತ್ತಿರ ಬರುವ ಎಷ್ಟೋ ಕಾರುಗಳಲ್ಲಿ ಅದರ ಕವರ್ ಕೂಡ ಹರಿದಿರುವುದಿಲ್ಲ. ಬದಲಿಗೆ ಏನು ಮಾಡುತ್ತೇವೆ? ನಾಲ್ಕು ಕೊಂಬೆ ಸೊಪ್ಪು ಮುರಿದು ಗಾಡಿಯ ಹಿಂದೆ ಹಾಕುತ್ತೇವೆ, ಚಕ್ರಕ್ಕೆ ಕಲ್ಲು ಕೊಡುತ್ತೇವೆ. ಸೊಪ್ಪು ತಪ್ಪೇನಲ್ಲ, ಹಗಲಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ರಾತ್ರಿ ಮಳೆಯಲ್ಲಿ ಅದು ರಸ್ತೆಯ ಬಣ್ಣವೇ. ಕಲ್ಲಿನದು ಇನ್ನೂ ಕೆಟ್ಟ ಕಥೆ. ಗಾಡಿ ಸರಿಯಾದ ಕೂಡಲೇ ಡ್ರೈವರ್ ಹತ್ತಿ ಹೊರಟುಬಿಡುತ್ತಾನೆ. ಕಲ್ಲು ರಸ್ತೆಯಲ್ಲೇ. ಆಮೇಲೆ ಬರುವ ಬೈಕಿನವನು ಅದಕ್ಕೆ ಗುದ್ದಿ ಬೀಳುತ್ತಾನೆ. ಇಲ್ಲಿರುವ ಲಾರಿಯವರಿಗೆ ಕೈಮುಗಿದು ಹೇಳುತ್ತೇನೆ, ಎರಡು ಮರದ ಗೂಟ ಮಾಡಿಸಿ, ಹಗ್ಗ ಕಟ್ಟಿ ಗಾಡಿಯಲ್ಲೇ ಇಟ್ಟುಕೊಳ್ಳಿ. ಹಗ್ಗ ಇದ್ದರೆ ಎಳೆದುಕೊಳ್ಳಲೂ ನೆನಪಿರುತ್ತದೆ.

ತ್ರಿಕೋನವನ್ನು ಎಷ್ಟು ಹಿಂದೆ ಇಡಬೇಕು? ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಬರುತ್ತದೆ. ಚಾಲಕನಿಗೆ ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ 25 ಮೀಟರ್ ಮುಗಿಯಿತು. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ 35 ಮೀಟರ್ ಬೇಕು. ಅಂದರೆ ಹತ್ತಿರಹತ್ತಿರ 60 ಮೀಟರ್. ನೇರ ರಸ್ತೆಯಲ್ಲಿ ಎಪ್ಪತ್ತು ದೊಡ್ಡ ಹೆಜ್ಜೆ ಹಿಂದೆ ನಡೆದು ಇಡಿ. ಘಾಟಿಯಲ್ಲಿ ಹೆಜ್ಜೆ ಎಣಿಸಬೇಡಿ. ತಿರುವಿನ ಆಚೆಗೇ ಇಡಬೇಕು, ಬರುವವನು ತಿರುಗುವ ಮೊದಲೇ ನೋಡಬೇಕು. ನಡೆಯುವಾಗ ಬೆಳಕಿಗೆ ಮಿಂಚುವ ಜಾಕೆಟ್ ಹಾಕಿಕೊಂಡು, ತ್ರಿಕೋನವನ್ನು ಎದೆಯ ಮುಂದೆ ಹಿಡಿದು ಹೋಗಿ. ಜನರನ್ನು ಗಾಡಿಯಿಂದ ಇಳಿಸಿ ತಡೆಗೋಡೆಯ ಆಚೆ ಜಾಗವಿದ್ದರೆ ಅಲ್ಲಿ ನಿಲ್ಲಿಸಿ, ಗಾಡಿಯ ಹಿಂದೆ ಮಾತ್ರ ಬೇಡ. ಇನ್ನೊಂದು ಮಾತು. ಮಂಜಿನಲ್ಲಿ ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಳ್ಳುವ ಚಾಳಿ ಬಿಡಿ. ನೀವು ನಿಂತಿದ್ದೀರೋ, ಹೋಗುತ್ತಿದ್ದೀರೋ, ಬಲಕ್ಕೆ ತಿರುಗುತ್ತೀರೋ ಹಿಂದಿನವನಿಗೆ ಏನೂ ತಿಳಿಯುವುದಿಲ್ಲ. ಹೆಡ್‌ಲೈಟ್ ಡಿಮ್‌ನಲ್ಲಿರಲಿ, ಅಷ್ಟು ಸಾಕು.

ಟೈರ್. ಹೊಸ ಕಾರು ಕೊಂಡವರು ಮನೆಗೆ ಹೋಗಿ ಮೊದಲು ಸ್ಟೆಪ್ನಿ ಇದೆಯೇ ನೋಡಿ. 2020ರಲ್ಲಿ ನಿಯಮ ಬದಲಾಯಿತು. ಟ್ಯೂಬ್‌ಲೆಸ್ ಟೈರ್, ಗಾಳಿ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಕೊಡದೇ ಮಾರಬಹುದು. ಪಂಕ್ಚರ್ ಕಿಟ್ ಒಳ್ಳೆಯದೇ, ಮೊಳೆ ಚುಚ್ಚಿದರೆ ಐದು ನಿಮಿಷದಲ್ಲಿ ರಬ್ಬರ್ ಬತ್ತಿ ತುರುಕಿ, ಹನ್ನೆರಡು ವೋಲ್ಟ್ ಪಂಪಿನಲ್ಲಿ ಗಾಳಿ ತುಂಬಿ ಹೊರಡಬಹುದು. ಆದರೆ ನಮ್ಮ ರಸ್ತೆಯಲ್ಲಿ ಮೊಳೆಗಿಂತ ಹೊಂಡದ ಅಂಚು ಜಾಸ್ತಿ. ಅದು ಟೈರಿನ ಪಕ್ಕೆಯನ್ನು ಸೀಳುತ್ತದೆ. ಪಕ್ಕೆ ಹರಿದ ಟೈರಿಗೆ ಯಾವ ಬತ್ತಿಯೂ ನಿಲ್ಲದು. ಮಲೆನಾಡಿನಲ್ಲಿ ಓಡಾಡುವವರು ಸ್ಟೆಪ್ನಿ ಇರುವ ಕಾರನ್ನೇ ಕೊಳ್ಳಿ ಎಂದು ನಾನು ಹೇಳುತ್ತೇನೆ. ಶೋರೂಮಿನವರಿಗೆ ಬೇಸರವಾದರೆ ಆಗಲಿ. ಟೈರಿನ ಗೀರುಗಳ ನಡುವೆ ಸಣ್ಣ ಉಬ್ಬು ಇರುತ್ತದೆ. ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಗೀರಿನ ಆಳ 1.6 ಮಿಲಿಮೀಟರ್ ಉಳಿದಿದೆ ಎಂದರ್ಥ. ಮಳೆಗಾಲಕ್ಕೆ ಅಲ್ಲಿಯ ತನಕ ಕಾಯುವುದೇ ಬೇಡ.

ಜಂಪರ್ ಕೇಬಲ್ ಇಟ್ಟುಕೊಂಡವರು ಬಹಳ, ಹಾಕಲು ಬರುವವರು ಕಡಿಮೆ. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಒಳ್ಳೆ ಬ್ಯಾಟರಿಯ ಮೈನಸ್‌ಗೆ. ಕೊನೆಯ ಕಪ್ಪು ತುದಿ ಸತ್ತ ಗಾಡಿಯ ಎಂಜಿನ್‌ನ ಬಣ್ಣವಿಲ್ಲದ ಕಬ್ಬಿಣದ ಭಾಗಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರಿದರೆ ಅಲ್ಲಿ ಹಾರಲಿ, ಬ್ಯಾಟರಿಯ ಗ್ಯಾಸಿನ ಹತ್ತಿರ ಬೇಡ. ಬಿಚ್ಚುವಾಗ ಇದರ ಉಲ್ಟಾ.

ಎಳೆಯುವ ಹಗ್ಗ ತೆಗೆದುಕೊಂಡು ಬಂಪರಿಗೆ ಕಟ್ಟಬೇಡಿ. ಬಂಪರ್ ಹಗ್ಗದ ಜೊತೆ ಬರುತ್ತದೆ, ಕಾರು ಅಲ್ಲೇ ಉಳಿಯುತ್ತದೆ. ಟೂಲ್‌ಕಿಟ್‌ನಲ್ಲಿ ಒಂದು ಕಬ್ಬಿಣದ ಕೊಕ್ಕೆ ಕೊಟ್ಟಿರುತ್ತಾರೆ, ಬಂಪರಿನ ಸಣ್ಣ ಮುಚ್ಚಳ ತೆಗೆದು ಅದನ್ನು ತಿರುಗಿಸಿ ಹಾಕಬೇಕು. ಅದು ಎಲ್ಲಿದೆ ಎಂದು ಇವತ್ತೇ ನೋಡಿಕೊಳ್ಳಿ. ಘಾಟಿ ಇಳಿಜಾರಿನಲ್ಲಿ ಹಗ್ಗದಲ್ಲಿ ಎಳೆಯುವುದು ಬೇಡವೇ ಬೇಡ. ಎಂಜಿನ್ ಆಫ್ ಆದ ಗಾಡಿಯಲ್ಲಿ ಬ್ರೇಕ್ ಕಲ್ಲಿನಂತಾಗುತ್ತದೆ. ಒಂದೆರಡು ಸಲ ಒತ್ತಿದ ಮೇಲೆ ಹಿಡಿಯುವುದೇ ಕಷ್ಟ.

ಬೈಕಿನವರಿಗೆ ಒಂದು ಕ್ಲಚ್ ಕೇಬಲ್, ಒಂದು ಪ್ಲಗ್, ಟಾರ್ಚ್, ಮಳೆ ಕೋಟು. ಐಎಸ್‌ಐ ಗುರುತಿನ ಹೆಲ್ಮೆಟ್ಟನ್ನು ಕೈಗೆ ನೇತುಹಾಕದೆ ತಲೆಗೆ ಹಾಕಿಕೊಳ್ಳಿ.

ಸಾಮಾನು ಇಡುವ ಜಾಗವೂ ಮುಖ್ಯ. ಎಲ್ಲವನ್ನೂ ಚೆಂದದ ಪೆಟ್ಟಿಗೆಗೆ ತುಂಬಿ ಡಿಕ್ಕಿಯ ತಳಕ್ಕೆ ಇಟ್ಟು ಅದರ ಮೇಲೆ ಕಾಳುಮೆಣಸಿನ ಮೂಟೆ ಹೇರುತ್ತಾರೆ. ಹಿಂದಿನಿಂದ ಗುದ್ದಿದರೆ ಡಿಕ್ಕಿ ತೆರೆಯುವುದೇ ಇಲ್ಲ. ಟಾರ್ಚ್, ಮಿಂಚುವ ಜಾಕೆಟ್, ಬೆಲ್ಟ್ ಕತ್ತರಿಸುವ ಬ್ಲೇಡ್ ಇರುವ ಗಾಜು ಒಡೆಯುವ ಸುತ್ತಿಗೆ, ಇವು ಡ್ರೈವರ್ ಕೂತಲ್ಲಿಂದಲೇ ಸಿಗಬೇಕು. ಸುತ್ತಿಗೆಯಿಂದ ಮುಂದಿನ ದೊಡ್ಡ ಗಾಜಿಗೆ ಹೊಡೆಯಬೇಡಿ, ಅದು ಬಿರುಕು ಬಿಡುತ್ತದೆ, ಉದುರುವುದಿಲ್ಲ. ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ. ಗಾಡಿ ನೀರಿಗೆ ಬಿದ್ದರೆ ಮೊದಲು ಬೆಲ್ಟ್, ತಕ್ಷಣ ಕಿಟಕಿ, ಮಕ್ಕಳನ್ನು ಹೊರಗೆ ದಾಟಿಸಿ, ಆಮೇಲೆ ನೀವು. ಫೋನ್ ಮಾಡುವುದು ದಡದ ಮೇಲೆ.

ಪೆಟ್ಟಾದವರ ವಿಷಯ. ಔಷಧಿ ಡಬ್ಬಿಯಲ್ಲಿ ಎಂಟು ಬಗೆಯ ಮುಲಾಮು ಇರುತ್ತದೆ, ರಕ್ತ ಒತ್ತಿ ಹಿಡಿಯಲು ಒಂದು ದಪ್ಪ ಬಟ್ಟೆ ಇರುವುದಿಲ್ಲ. ಗಾಜ್ ಬಟ್ಟೆಯ ದೊಡ್ಡ ಕಟ್ಟು, ಅಗಲವಾದ ರೋಲರ್ ಬ್ಯಾಂಡೇಜ್, ಕೈಗವಸು. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಟ್ಟು ಮೈಭಾರ ಹಾಕಿ ಒತ್ತಿ. ನಿಂತಿತೇ ಎಂದು ಎತ್ತಿ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು. "ಪೊಲೀಸ್ ಕೇಸು ಯಾಕೆ" ಎಂದು ಹಿಂದೆ ಸರಿಯುವವರು ತಿಳಿದುಕೊಳ್ಳಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿದೆ. ಒಳ್ಳೆ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಸಿವಿಲ್ ಆಗಲಿ, ಕ್ರಿಮಿನಲ್ ಆಗಲಿ ಹೊಣೆ ಹೊರಿಸುವಂತಿಲ್ಲ.

ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಮೂಳೆ ಮುರಿದವರಿಗೆ ಕಟ್ಟುವಂತೆ ಆ ಕೈ ಅಥವಾ ಕಾಲು ಅಲ್ಲಾಡದಂತೆ ದಬ್ಬೆ ಕಟ್ಟಿ, ಉಂಗುರ, ಕಾಲ್ಗೆಜ್ಜೆ ತೆಗೆದು, ಸೀದಾ ಆಸ್ಪತ್ರೆಗೆ. ನಡೆಸಬೇಡಿ. ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು 2024ರಲ್ಲಿ ನಮ್ಮ ರಾಜ್ಯ ನಿಯಮ ಮಾಡಿದೆ. ನಿಮ್ಮ ದಾರಿಯ ಯಾವ ಆಸ್ಪತ್ರೆಯಲ್ಲಿ ಹಾವಿನ ಔಷಧಿ ಇರುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಆ ನಂಬರ್ ಚೀಟಿಯಲ್ಲಿರಲಿ.

ಕೊನೆಗೆ ಸಾಮಾನು ಹಾಳಾಗುವ ವಿಷಯ. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಕಾವು ಪವರ್ ಬ್ಯಾಂಕ್‌ಗೆ ಆಗುವುದಿಲ್ಲ, ಉಬ್ಬಿಕೊಂಡರೆ ಬೆಂಕಿಯ ಭಯ. ಅದನ್ನು ಚೀಲದಲ್ಲಿ ಹೊತ್ತು ತಿರುಗಿ. ಮಾತ್ರೆಯೂ ಹಾಗೇ. ಗಾಡಿಯ ಟಾರ್ಚಿನಲ್ಲಿ ಒಂದು ಸೆಲ್ ಉಲ್ಟಾ ಹಾಕಿಡಿ, ತಾನಾಗಿ ಹೊತ್ತಿ ಖಾಲಿಯಾಗುವುದು ತಪ್ಪುತ್ತದೆ. ವರ್ಷಕ್ಕೆ ಎರಡು ಸಲ ಎಲ್ಲ ಹೊರತೆಗೆದು ನೋಡಿ. ಮೃಗಶಿರ ಮಳೆಗೆ ಮುಂಚೆ ಒಮ್ಮೆ. ಆಯುಧಪೂಜೆಗೆ ಒಮ್ಮೆ, ಗಾಡಿ ತೊಳೆದು ನಿಂಬೆಹಣ್ಣು ಇಡುವ ಹೊತ್ತಿಗೆ. ಸ್ಟೆಪ್ನಿಗೂ ಸ್ವಲ್ಪ ಕುಂಕುಮ ಹಚ್ಚಿ, ಆ ನೆಪದಲ್ಲಾದರೂ ಅದರ ಗಾಳಿ ನೋಡುತ್ತೀರಿ.

ಮಾತು ಮುಗಿದ ಮೇಲೆ ಕೇಳಿದವು:

ಗಾಡಿಯಲ್ಲಿ ಕತ್ತಿ ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರಾ?

ಆಯುಧ ನಿಯಮಗಳಲ್ಲಿ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಗೆ ಸೇರಿಸಿದ್ದಾರೆ. ಮನೆಬಳಕೆ ಮತ್ತು ಕೃಷಿ ಕೆಲಸಕ್ಕೆ ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ತೋಟಕ್ಕೆ ಹೋಗುವವನ ಸೊಂಟದ ಕತ್ತಿಗೆ ಯಾರೂ ಕೇಳುವುದಿಲ್ಲ. ಅದೇ ಕತ್ತಿಯನ್ನು ಪೇಟೆಯಲ್ಲಿ ಸೀಟಿನ ಕೆಳಗೆ ಬಚ್ಚಿಟ್ಟರೆ ಕೇಳುತ್ತಾರೆ, ಕೇಳಬೇಕಾದ್ದೇ. ಕೊಂಬೆ ಕಡಿಯಲು ಮಡಚುವ ಗರಗಸ ಸಾಕು, ಜಗಳಕ್ಕೂ ಬರುವುದಿಲ್ಲ.

ಕ್ಯಾನಿನಲ್ಲಿ ಪೆಟ್ರೋಲ್ ಇಡಬಹುದಾ?

ಬೇಡ. ಪ್ಲಾಸ್ಟಿಕ್ ಕ್ಯಾನಿನ ಪೆಟ್ರೋಲ್ ಗಾಡಿಯೊಳಗೆ ಆವಿಯಾಗಿ ಒಂದು ಕಿಡಿಗಾಗಿ ಕಾಯುತ್ತಿರುತ್ತದೆ. ಘಾಟಿಗೆ ಇಳಿಯುವ ಮುಂಚೆ ಟ್ಯಾಂಕ್ ಅರ್ಧಕ್ಕಿಂತ ಮೇಲಿರಲಿ, ಅಷ್ಟೇ.

ಆನೆ ಎದುರಾದರೆ ಕಿಟ್‌ನಲ್ಲಿ ಏನು ಉಪಯೋಗ?

ಏನೂ ಇಲ್ಲ. ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಲೈಟ್ ಮಿನುಗಿಸುವುದು ಬೇಡ, ಇಳಿಯುವುದು ಬೇಡ, ವಿಡಿಯೋ ಅಂತೂ ಬೇಡವೇ ಬೇಡ. ಹಿಂದೆ ಜಾಗವಿದ್ದರೆ ಮೆಲ್ಲಗೆ ರಿವರ್ಸ್. ಒಂದು ದಾಟಿತು ಎಂದು ಹೊರಡಬೇಡಿ, ಹಿಂದೆ ಮರಿ ಇರುತ್ತದೆ, ಮರಿಯ ಹಿಂದೆ ತಾಯಿ ಇರುತ್ತದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯವರು ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಕಳಿಸುವ ಸಂದೇಶಗಳನ್ನು ನೋಡಿಯೇ ಹೊರಡಿ. ಕಾಲ್ನಡಿಗೆಯವರು ಕಿವಿಯ ಇಯರ್‌ಫೋನ್ ತೆಗೆಯಿರಿ. ಕೊಂಬೆ ಮುರಿಯುವ ಸದ್ದು ಕೇಳಿದರೆ ವಾಪಸ್ ಹೋಗಿ, ಒಬ್ಬರೇ ಮುಂದೆ ಹೋಗಬೇಡಿ.

ಮನೆಯಲ್ಲಿ ಕಾಯುವವರು ಏನು ಮಾಡಬೇಕು? ಇದನ್ನು ಕೇಳಿದ್ದು ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ.

ಹೊರಡುವವರು ಎರಡು ಮಾತು ಹೇಳಿ ಹೊರಡಬೇಕು: ಯಾವ ದಾರಿ, ಎಷ್ಟು ಹೊತ್ತಿಗೆ. "ಮಂಗಳೂರಿಂದ ಬರ್ತಿದೀನಿ" ಎಂದರೆ ಸಾಲದು. ಶಿರಾಡಿಯೋ, ಚಾರ್ಮಾಡಿಯೋ, ಬಿಸಿಲೆಯೋ? ಹುಡುಕುವವರಿಗೆ ಮೊದಲು ಬೇಕಾದದ್ದು ಇದೇ. ದಾರಿ ಬದಲಿಸಿದರೆ ಸಿಗ್ನಲ್ ಇರುವಾಗಲೇ, ಉಜಿರೆಯಲ್ಲೋ ಗುಂಡ್ಯದಲ್ಲೋ, ಒಂದು ಮೆಸೇಜ್ ಹಾಕಿ. ಹೇಳಿದ ಹೊತ್ತಿನ ಮೇಲೆ ಎರಡು ಗಂಟೆ ಬಿಡಿ. ಆ ಎರಡು ಗಂಟೆಯಲ್ಲಿ ಐದು ನಿಮಿಷಕ್ಕೊಮ್ಮೆ ಫೋನ್ ಮಾಡಿ ಅವರ ಬ್ಯಾಟರಿ ಖಾಲಿ ಮಾಡಬೇಡಿ, ಒಂದು ಮೆಸೇಜ್ ಹಾಕಿ ಸುಮ್ನೆ ಇರಿ. ಆಮೇಲೂ ಸುದ್ದಿ ಇಲ್ಲದಿದ್ದರೆ 112ಕ್ಕೆ ಫೋನ್ ಮಾಡಿ ಗಾಡಿಯ ನಂಬರ್, ಬಣ್ಣ, ದಾರಿ, ಕೊನೆಯ ಸಲ ಮಾತಾಡಿದ ಜಾಗ ಹೇಳಿ. ಗಾಡಿಯ ನಂಬರ್ ನಿಮಗೆ ಗೊತ್ತಾ ಎಂದು ಆ ತಾಯಿಯನ್ನು ಕೇಳಿದೆ. ಕೊನೆಯ ನಾಲ್ಕು ಅಂಕಿ ಗೊತ್ತು ಎಂದರು. ಉಳಿದದ್ದನ್ನು ಇವತ್ತೇ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆದಿಡಿ ಎಂದೆ.